ಫ್ಯಾನ್ ಆರಿಸಿ, ವಂದನೆ ಶುರುವಾಗ್ತದೆ

ಹೊಳಲ್ಕೆರೆಯಲ್ಲಿ ಬಸ್ಸಿಳಿದು ಆಟೋದವನನ್ನು, "ಬುದ್ಧವಂದನೆ ಎಲ್ಲಿ ನಡೆಯುತ್ತಪ್ಪಾ?" ಎಂದು ಕೇಳಿದೆ. "ಬುದ್ಧನ ಗುಡಿ ಗೊತ್ತಿಲ್ಲ ಸಾರ್, ಗಣಪ್ಪನ ಹತ್ರ ಬೇಕಾದ್ರೆ ಬಿಡ್ತೀನಿ" ಎಂದ. ತಪ್ಪು ಅವನದಲ್ಲ. ಇಲ್ಲಿಯ ಬಯಲು ಗಣಪ ಎಲ್ಲರ ಕಣ್ಣಿಗೂ ಬೀಳುವವನು. ಬುದ್ಧನೋ, ಬಾಬಾಸಾಹೇಬರ ಪಕ್ಕದ ಮೊಳೆಗೆ ಫೋಟೊ ಆಗಿ ತೂಗುವವನು. ನಮ್ಮ ಕಡೆ ಅವನನ್ನು ಹುಡುಕುವವರು ಗೋಪುರ ನೋಡುತ್ತಾ ಹೋಗಬಾರದು, ಅಂಬೇಡ್ಕರ್ ಭವನ ಕೇಳಬೇಕು. ಅದಕ್ಕೂ ಬೀಗ ಬಿದ್ದಿದ್ದರೆ ಯಾರದಾದರೂ ಮನೆಯ ಪಡಸಾಲೆಯೇ ವಿಹಾರ.

ಚಿತ್ರದುರ್ಗದಲ್ಲೊಂದು ಬುದ್ಧಪೂರ್ಣಿಮೆಗೆ ಹೀಗೇ ಸೇರಿದ್ದೆವು. ವೈಶಾಖದ ಸೆಕೆ. ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಪುಟ್ಟ ಮೂರ್ತಿ, ಮಲ್ಲಿಗೆ, ಊದುಬತ್ತಿ, ಐದು ಮೇಣದಬತ್ತಿ. ಫ್ಯಾನ್ ಹಾಕಿದರೆ ಬತ್ತಿ ಆರುತ್ತದೆ, ಫ್ಯಾನ್ ಆರಿಸಿದರೆ ಜನ ಬೇಯುತ್ತಾರೆ. ಕಿಟಕಿ ತೆಗೆಯೋಣವೆಂದರೆ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ದುರ್ಗದ ಗಾಳಿ ಒಳಗೇ ನುಗ್ಗುತ್ತದೆ. ಕೊನೆಗೆ ಹಿರಿಯರೊಬ್ಬರು ಎದ್ದು ಸ್ವಿಚ್ ಒತ್ತಿ, "ಹತ್ತು ನಿಮಿಷ ತಡ್ಕೊಳ್ರಪ್ಪ" ಎಂದರು. ದುಃಖವಿದೆ ಎಂಬ ಮೊದಲ ಆರ್ಯಸತ್ಯ ನನಗೆ ಅಷ್ಟು ಬೇಗ ಹಿಂದೆಂದೂ ಅರ್ಥವಾಗಿರಲಿಲ್ಲ.

ಪಾಳಿಯನ್ನು ಕನ್ನಡಕ್ಷರದಲ್ಲಿ ಬರೆದುಕೊಂಡ ನೋಟ್‌ಬುಕ್ ಹಿಡಿದು ಹುಡುಗಿಯೊಬ್ಬಳು ತ್ರಿಶರಣ ಹೇಳಿಸಿದಳು. ಆಮೇಲೆ ಪಂಚಶೀಲ. ನಾಲ್ಕನೆಯದು ಸುಳ್ಳಾಡಬಾರದೆಂಬುದು. ಆಫೀಸಿಗೆ ಜ್ವರವೆಂದು ಹೇಳಿ ಬಂದಿದ್ದ ನನ್ನ ದನಿ ಅಲ್ಲಿ ತಾನಾಗಿ ತಗ್ಗಿತು.

ಹಿರಿಯೂರಿನಲ್ಲಿ ನಮ್ಮ ಷಡ್ಡಕನ ಮಗಳ ಮದುವೆ ಆದದ್ದೂ ಈ ಕ್ರಮದಲ್ಲೇ. ಮುಹೂರ್ತವಿಲ್ಲ, ಹೋಮವಿಲ್ಲ, ಬುದ್ಧ, ಅಂಬೇಡ್ಕರರ ಮುಂದೆ ಹಾರ ಬದಲಿಸಿದರೆ ಆಯಿತು. ಹೊಸದುರ್ಗದಿಂದ ಬಂದಿದ್ದ ಸೋದರತ್ತೆ ಮಾತ್ರ ಗಡಿಯಾರ ನೋಡುತ್ತಲೇ ಇದ್ದರು. ರಾಹುಕಾಲ ಮುಗಿದ ಮೇಲೇ ಅಕ್ಕಿಕಾಳಿನ ಬದಲು ಹೂವಿನೆಸಳು ಹಾಕಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದಾಗ ಬಾಬಾಸಾಹೇಬರು ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳು ಸೋದರತ್ತೆಯರನ್ನು ತಲುಪಲು ಸ್ವಲ್ಪ ತಡವಾಗುತ್ತದೆ.

ನಾನೂ ಅರೆಬೆಂದವನೇ. ನನಗೆ ಧೈರ್ಯ ಕೊಟ್ಟದ್ದು ಮೊಳಕಾಲ್ಮುರಿನ ಬ್ರಹ್ಮಗಿರಿಯ ಬಂಡೆ. 1892ರಲ್ಲಿ ಬಿ. ಎಲ್. ರೈಸ್ ಕಂಡ ಅಶೋಕನ ಶಾಸನ ಅದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸರಕಾರಿ ಆದೇಶ. ಮೊದಲಿಗೇ ಅವರ ಆರೋಗ್ಯ ವಿಚಾರಿಸುತ್ತದೆ. ಇಂಥ ಸುತ್ತೋಲೆ ನನಗೆ ಮೂವತ್ತು ವರ್ಷದ ನೌಕರಿಯಲ್ಲಿ ಒಂದೂ ಬಂದಿಲ್ಲ. ಮುಂದೆ ದೊರೆ ಒಪ್ಪಿಕೊಳ್ಳುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಹೆಚ್ಚೇನೂ ಶ್ರಮಪಡಲಿಲ್ಲವಂತೆ. ಬಂಡೆಯ ಮೇಲೆ ಕೆತ್ತಿಸಿ ಸೋಮಾರಿತನ ಒಪ್ಪಿಕೊಂಡ ದೊರೆ ಇನ್ನೊಬ್ಬನಿದ್ದರೆ ಹೇಳಿ.

ದುರ್ಗದಲ್ಲಿ ಅಂದು ವಂದನೆ ಮುಗಿದು ಫ್ಯಾನ್ ತಿರುಗಿತು. ಬುದ್ಧನಿಗೆ ಪಾಯಸವಿತ್ತ ಸುಜಾತೆಯ ನೆನಪಿಗೆಂದು ಪೇಪರ್ ಲೋಟದಲ್ಲಿ ಪಾಯಸ ಬಂತು. ಫ್ಯಾನ್ ಆರಿಸಿದ್ದ ಹಿರಿಯರೇ ಲೋಟ ಕೊಡುತ್ತಾ, "ಮುಂದಿನ ಭಾನುವಾರಾನೂ ಬರ್ರಿ" ಎಂದರು.

"ನೋಡ್ತೀನಿ" ಎಂದೆ.

"ಹೋದ ವರ್ಷಾನೂ ಇದನ್ನೇ ಅಂದಿದ್ರಿ" ಎಂದು ಇನ್ನೊಂದು ಸೌಟು ಸುರಿದರು.