ಪಾಯಿಂಟುಗಳ ತಿಥಿ

ಬಹರೈನಿನಲ್ಲಿರುವ ನಮ್ಮವರ ಮನೆಯಲ್ಲಿ ಅವಧಿ ಮುಗಿಯದ ಸಾಮಾನು ಯಾವುದಾದರೂ ಇದೆಯೇ ಎಂದು ಹುಡುಕಿದರೆ ಸಿಗುವುದು ಊರಿನಿಂದ ಅತ್ತೆ ಕಟ್ಟಿಕೊಟ್ಟ ಹಲಸಿನ ಹಪ್ಪಳ ಒಂದೇ. ವೀಸಾಕ್ಕೆ ಗಡುವಿದೆ, ಸಿಪಿಆರ್ ಎಂಬ ಗುರುತಿನ ಕಾರ್ಡಿಗೆ ಗಡುವಿದೆ, ಪಾಸ್‌ಪೋರ್ಟಿಗೆ, ಫ್ಲ್ಯಾಟಿನ ಕರಾರಿಗೆ, ಕಾರಿನ ವಿಮೆಗೆ, ಮೊಬೈಲಿನ ಡೇಟಾಕ್ಕೆ, ಎಲ್ಲಕ್ಕೂ ಒಂದೊಂದು ತಾರೀಕು. ಹೀಗೆ ಕ್ಯಾಲೆಂಡರಿನ ಅಡಿಯಲ್ಲೇ ಸಂಸಾರ ಹೂಡಿದ ನಮಗೆ ಯಾವುದೋ ಅಂಗಡಿಯವರು ‘ನಿಮ್ಮ 4,320 ಪಾಯಿಂಟುಗಳು ಈ ತಿಂಗಳ ಕೊನೆಗೆ ರದ್ದಾಗಲಿವೆ’ ಎಂದು ಸಂದೇಶ ಕಳಿಸಿದರೆ ಬೇಜಾರಾಗಬಾರದು. ಆದರೆ ಆಗುತ್ತದೆ. ವೀಸಾ ನವೀಕರಣಕ್ಕೆ ಬೆವರದ ಗಂಡಸು ಎರಡು ದಿನಾರಿನ ಪಾಯಿಂಟು ಹೋಯಿತೆಂದು ರಾತ್ರಿ ಮೊಸರನ್ನದಲ್ಲೇ ಊಟ ಮುಗಿಸಿ ಏಳುತ್ತಾನೆ.

ಗುದೈಬಿಯಾದ ನಮ್ಮ ಕಟ್ಟಡದಲ್ಲಿ ಇಂಥವರೊಬ್ಬರಿದ್ದಾರೆ. ಪುತ್ತೂರಿನ ಕಡೆಯವರು. ಅವರಿಗೆ ಸ್ವಂತ ರಕ್ತದ ಗುಂಪು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಪಾಯಿಂಟು ಕೇಳಿದರೆ ದಶಾಂಶ ಸಮೇತ ಹೇಳುತ್ತಾರೆ. ಔಷಧಿ ಅಂಗಡಿಯದ್ದು, ಹೈಪರ್‌ಮಾರ್ಕೆಟ್ಟಿನದ್ದು, ಬ್ಯಾಂಕಿನದ್ದು, ಕರಕ್ ಚಹಾದ ಅಂಗಡಿಯಲ್ಲಿ ಮುದ್ರೆ ಒತ್ತುವ ಚೀಟಿ, ಎಲ್ಲವೂ ಅವರ ಆಸ್ತಿ. ಸಿಟಿ ಸೆಂಟರಿನಲ್ಲಿ 2025ರಲ್ಲಿ ಕಾರ್ಫೋರ್ ಎಂಬ ಬೋರ್ಡು ಇಳಿದು ಹೈಪರ್‌ಮ್ಯಾಕ್ಸ್ ಎಂಬ ಬೋರ್ಡು ಏರಿದಾಗ ಊರೆಲ್ಲ ಹೊಸ ರಿಯಾಯಿತಿ ಏನಿದೆ ಎಂದು ನೋಡಲು ಹೋಯಿತು. ಇವರು ಮಾತ್ರ ಸಾವಿನ ಮನೆಗೆ ಹೋದವರ ಹಾಗೆ ಮೆಲ್ಲನೆ ಕೌಂಟರಿನ ಬಳಿ ನಿಂತು, “ಹಳೇ ಲೆಕ್ಕ ಎಲ್ಲ ಸರಿ ಉಂಟಲ್ಲ?” ಎಂದು ವಿಚಾರಿಸಿ ಬಂದರು.

ಇವರ ಪರಮ ಪ್ರೀತಿ ಗಲ್ಫ್ ಏರ್ ವಿಮಾನದವರ ಮೈಲು ಯೋಜನೆಯಾದ ಫಾಲ್ಕನ್‌ಫ್ಲೈಯರ್. ಅದರಲ್ಲಿ ನೀಲಿ, ಬೆಳ್ಳಿ, ಚಿನ್ನ, ಕಪ್ಪು ಎಂಬ ನಾಲ್ಕು ವರ್ಣಗಳು. ವಧುವರಾನ್ವೇಷಣೆಯ ಜಾಹೀರಾತಿನಲ್ಲಿ ಕಪ್ಪಿಗೆ ಸಿಗದ ಗೌರವ ಅಲ್ಲಿ ಸಿಕ್ಕಿದೆ: ಎಲ್ಲಕ್ಕಿಂತ ಮೇಲಿನ ಜಾತಿ ಕಪ್ಪು. ನಮ್ಮವರು ನೀಲಿ. ಬೆಳ್ಳಿಯಾಗುವ ಆಸೆಯಲ್ಲೇ ಕೂದಲು ಬೆಳ್ಳಿಯಾಯಿತು. ತೊಂದರೆ ಏನೆಂದರೆ, ಗಲ್ಫ್ ಏರ್ ಬೆಂಗಳೂರಿಗೆ ಹಾರುತ್ತದೆ, ಕೊಚ್ಚಿಗೆ ಹಾರುತ್ತದೆ, ಮಂಗಳೂರಿಗೆ ಹಾರುವುದಿಲ್ಲ. ಮಂಗಳೂರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸೇ ಗತಿ. ಮೈಲು ಕೂಡಿರುವುದು ಗಿಡುಗನ ಕೈಯಲ್ಲಿ, ಮನೆ ಇರುವುದು ಎಕ್ಸ್‌ಪ್ರೆಸ್ಸಿನ ದಾರಿಯಲ್ಲಿ. ಮೈಲು ಖರ್ಚಾಗಬೇಕಾದರೆ ಬೆಂಗಳೂರಿಗಿಳಿದು, ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸು ಹಿಡಿದು, ಮಳೆಗಾಲವಾದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆಳಿಗ್ಗೆ ಪುತ್ತೂರು ಸೇರಬೇಕು. ‘ಫ್ರೀ’ ಟಿಕೆಟ್ಟಿಗೂ ತೆರಿಗೆ ನಾವೇ ಕಟ್ಟಬೇಕು, ಅದು ಬೇರೆ. ಮಕ್ಕಳ ಶಾಲೆಗೆ ರಜೆ ಬರುವ ಜುಲೈಯಲ್ಲಿ ಮೈಲಿನ ಸೀಟು ಸಿಕ್ಕಿತೆಂದರೆ ಆ ಮನುಷ್ಯ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದನೆಂದೇ ಲೆಕ್ಕ.

ನಿಷ್ಠೆಯ ವಿಷಯ ಬಂದಾಗ ಗಲ್ಫ್ ಏರಿನ ಸ್ವಂತ ಕಥೆಯನ್ನೂ ಹೇಳಬೇಕು. 1950ರಲ್ಲಿ ಹುಟ್ಟಿದ ಈ ಸಂಸ್ಥೆಗೆ 1974ರಲ್ಲಿ ಬಹರೈನ್, ಕತಾರ್, ಅಬುಧಾಬಿ, ಒಮಾನ್ ಎಂಬ ನಾಲ್ವರು ಯಜಮಾನರಾದರು. ಆಮೇಲೆ ಒಬ್ಬೊಬ್ಬರಿಗೂ ತಮ್ಮ ತಮ್ಮ ವಿಮಾನದ ಮೇಲೆ ಮನಸ್ಸಾಯಿತು. 2002ರಲ್ಲಿ ಕತಾರ್, 2005ರಲ್ಲಿ ಅಬುಧಾಬಿ, 2007ರಲ್ಲಿ ಒಮಾನ್ ಕೈ ಕೊಡವಿಕೊಂಡು ಎದ್ದವು. ಅರಸೊತ್ತಿಗೆಗಳ ನಿಷ್ಠೆಯೇ ಇಷ್ಟರಲ್ಲಿ ಮುಗಿಯಿತು. ಪುತ್ತೂರಿನ ಒಬ್ಬ ಸ್ಟೋರ್‌ಕೀಪರನಿಂದ ಆಜೀವ ನಿಷ್ಠೆ ಕೇಳುವುದು ಸ್ವಲ್ಪ ಹೆಚ್ಚೇ ಆಯಿತು.

ಆದರೂ ಅವರು ಕೂಡಿಡುತ್ತಾರೆ. ಅವರೊಬ್ಬರೇ ಅಲ್ಲ, ನಾವೆಲ್ಲರೂ. ಗಲ್ಫಿನವರ ಬಾಳಿನ ಮೂಲಮಂತ್ರ ‘ಊರಿಗೆ ಹೋಗುವಾಗ ಆಯ್ತದೆ’. ಟ್ಯಾಂಗ್ ಡಬ್ಬಿ, ನಿಡೋ ಡಬ್ಬಿ, ಕೊಡೆ, ಕಂಬಳಿ, ಹುಲಿ ಮಾರ್ಕಿನ ಮುಲಾಮು ಎಲ್ಲವೂ ಮಂಚದಡಿಯ ಸೂಟ್‌ಕೇಸಿನಲ್ಲಿ ಊರಿನ ದಾರಿ ಕಾಯುತ್ತಿರುತ್ತವೆ. ಪಾಯಿಂಟೂ ಹಾಗೆಯೇ. ಇವತ್ತು ಅಕ್ಕಿ ಮೂಟೆಗೆ ಖರ್ಚು ಮಾಡಿದರೆ ನಾಳೆ ಊರಿಗೆ ಹೋಗುವಾಗ ಏನು ಮಾಡುವುದು? ನಮ್ಮ ಈ ಗುಣ ಕಂಪನಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಎಷ್ಟು ಚೆನ್ನಾಗಿ ಗೊತ್ತು ಎಂಬುದು ನನಗೆ ತಿಳಿದದ್ದು ಒಂದು ಯಕ್ಷಗಾನದ ರಾತ್ರಿ. ಬಹರೈನಿನಲ್ಲಿ ಯಕ್ಷಗಾನವೂ ಆಗುತ್ತದೆ, ಉಡುಪಿ-ಮಂಗಳೂರಿನ ಚಾರ್ಟರ್ಡ್ ಅಕೌಂಟೆಂಟರೂ ಧಾರಾಳವಾಗಿ ಸಿಗುತ್ತಾರೆ. ಬಣ್ಣದ ವೇಷ ಬರುವುದಕ್ಕೆ ಮುಂಚೆ ಚಹಾಕ್ಕೆ ಎದ್ದಿದ್ದೆವು. ಪುತ್ತೂರಿನವರು ತಮ್ಮ ದುಃಖ ತೋಡಿಕೊಂಡರು. ಸಿ.ಎ. ಸಾಹೇಬರು ಮಂಡಕ್ಕಿ ಉಪ್ಕರಿ ಅಗಿಯುತ್ತಾ ಸಮಾಧಾನ ಹೇಳಿದರು:

“ನೀವು ಹತ್ತು ದಿನಾರಿನ ಸಾಮಾನು ತಗೊಂಡ್ರಿ, ಅಂಗಡಿಯವ ಪಾಯಿಂಟು ಕೊಟ್ಟ. ಆ ಪಾಯಿಂಟು ಅವನ ಪುಸ್ತಕದಲ್ಲಿ ಸಾಲ. ಹತ್ತು ದಿನಾರು ಪೂರಾ ಇವತ್ತಿನ ಆದಾಯ ಅಂತ ಬರೆಯುವ ಹಾಗಿಲ್ಲ, ಒಂದು ಚೂರು ನಿಮ್ಮ ಹೆಸರಲ್ಲಿ ತೆಗೆದಿಡಬೇಕು. 2018ರ ಜನವರಿಯಿಂದ ಐಎಫ್‌ಆರ್‌ಎಸ್ 15 ಅಂತ ನಿಯಮ.”

“ಹಾಗಾದ್ರೆ ನಮ್ಮ ದುಡ್ಡೇ ಆಯ್ತಲ್ಲ?”

“ನಿಲ್ಲಿ. ನೂರು ಜನರಲ್ಲಿ ಎಷ್ಟು ಜನ ಮರೀತಾರೆ ಅಂತ ಹಿಂದಿನ ವರ್ಷಗಳ ಅಂದಾಜು ಇರ್ತದೆ. ಅದಕ್ಕೆ ಬ್ರೇಕೇಜ್ ಅಂತಾರೆ. ಅಷ್ಟನ್ನು ಮೊದಲೇ ಕಳೆದು ತೆಗೆದಿಡುವುದು. ನೀವು ಮರೆಯುವ ಮೊದಲೇ ನಿಮ್ಮ ಮರೆವು ಲೆಕ್ಕಕ್ಕೆ ಬಂದಿರ್ತದೆ, ಮಾರಾಯ್ರೆ.”

ಪುತ್ತೂರಿನವರು ಆ ರಾತ್ರಿ ಬಣ್ಣದ ವೇಷವನ್ನು ಸರಿಯಾಗಿ ನೋಡಲಿಲ್ಲ.

ಮೊದಲು ಹೀಗಿರಲಿಲ್ಲವಂತೆ. ಅಮೆರಿಕದಲ್ಲಿ 1896ರಲ್ಲಿ ಸ್ಪೆರ್ರಿ ಮತ್ತು ಹಚಿನ್ಸನ್ ಎಂಬವರು ಹಸಿರು ಸ್ಟ್ಯಾಂಪು ಶುರು ಮಾಡಿದರು. ದಿನಸಿ ಕೊಂಡರೆ ಸ್ಟ್ಯಾಂಪು, ಪುಸ್ತಕದಲ್ಲಿ ಅಂಟಿಸಿ ತುಂಬಿಸಿದರೆ ಇಸ್ತ್ರಿಪೆಟ್ಟಿಗೆ. ಅಜ್ಜಿ ಅಂಟಿಸಿದ್ದನ್ನು ಮೊಮ್ಮಗಳು ಒಯ್ದರೂ ನಡೆಯುತ್ತಿತ್ತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಮೈಲಿನ ಯೋಜನೆ ತಂದಿತು. ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ನಾಲಿಗೆಯಿಂದ ನೆಕ್ಕಿ ಅಂಟಿಸಿದ್ದನ್ನು ಯಾರೂ ಕೀಳಲಾರರು. ಕಂಪ್ಯೂಟರಿನಲ್ಲಿ ಇದ್ದದ್ದಕ್ಕೆ ಒಂದು ಗುಂಡಿ ಸಾಕು.

ಬಹರೈನಿನ ಹಳೆಯ ಲೆಕ್ಕಗಳ ರೀತಿಯೇ ಬೇರೆ ಇತ್ತು. ಮುಹರ್ರಕ್ಕಿನ ಮುತ್ತಿನ ದಾರಿಯನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನಿಂದ ಬಂದವರಿಗೆ ನಾವು ತೋರಿಸುವ ಜಾಗ. ಆ ಚಂದದ ಮನೆಗಳ ಹಿಂದೆ ಮುತ್ತಿನ ಮುಳುಗುಗಾರರ ಸಾಲದ ಕಥೆಯಿದೆ. ಹಡಗಿನ ನಾಯಕನಾದ ನೌಖದಾ ಮುಂಗಡ ಕೊಡುತ್ತಿದ್ದ, ಅದು ತೀರುತ್ತಿರಲಿಲ್ಲ, ಅಪ್ಪ ಸತ್ತರೆ ಮಗ ಅದೇ ಸಾಲಕ್ಕೆ ಸಮುದ್ರಕ್ಕಿಳಿಯಬೇಕಿತ್ತು. 1920ರ ದಶಕದ ಸುಧಾರಣೆಯಲ್ಲಿ ಪ್ರತಿಯೊಬ್ಬನಿಗೂ ಲೆಕ್ಕದ ಪುಸ್ತಕ ಬಂತು, ಸಾಲ ಮಗನ ತಲೆಗೆ ಹೋಗುವುದು ನಿಂತಿತು. ಇದನ್ನು ಕೇಳಿ ಪುತ್ತೂರಿನವರು ಒಂದೇ ಪ್ರಶ್ನೆ ಕೇಳಿದರು: “ಬಡವ ಕೊಡಬೇಕಾದದ್ದು ಮೂರು ತಲೆಮಾರು ನಿಲ್ತದೆ, ಬಡವನಿಗೆ ಬರಬೇಕಾದದ್ದು ಮೂರು ವರ್ಷ ನಿಲ್ಲುವುದಿಲ್ಲ. ಇದೆಂತ ನ್ಯಾಯ?” ಎರಡು ದಿನಾರಿನ ಪಾಯಿಂಟಿಗೆ ಮುತ್ತಿನ ಮುಳುಗುಗಾರನನ್ನು ಸಾಕ್ಷಿಗೆ ಕರೆಯುವುದು ಸ್ವಲ್ಪ ಅತಿ ಎಂದು ನಾನೆಂದೆ. ಅವರು ಒಪ್ಪಲಿಲ್ಲ.

ದುಡ್ಡಿಗೂ ಅವಧಿ ಇರುತ್ತದೆ ಎಂದು ಸಿ.ಎ. ಸಾಹೇಬರು ವಾದಿಸಿದರು. ಅದು ಸುಳ್ಳಲ್ಲ. ಒಂದು ಕಾಲಕ್ಕೆ ಬಹರೈನಿನಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಈ ಕಡೆಗೆಂದೇ ಪ್ರತ್ಯೇಕ ಗಲ್ಫ್ ರೂಪಾಯಿ ಅಚ್ಚು ಹಾಕಿತು. 1965ರಲ್ಲಿ ಬಹರೈನ್ ದಿನಾರು ಬಂತು, ಹತ್ತು ರೂಪಾಯಿಗೆ ಒಂದು ದಿನಾರಿನಂತೆ ಬದಲಾಯಿಸಿಕೊಟ್ಟರು. (ಆ ದರವನ್ನು ಈಗ ನೆನೆದರೆ ಊರಿಗೆ ದುಡ್ಡು ಕಳಿಸುವವರ ಕರುಳು ಚುರ್ ಎನ್ನುತ್ತದೆ.) ಆಮೇಲೆ 2016ರ ನವೆಂಬರ್ 8ರ ರಾತ್ರಿಯ ನೋಟು ರದ್ದತಿ. ಊರಿಗಿಳಿದ ಕೂಡಲೇ ಟ್ಯಾಕ್ಸಿಗೆ ಬೇಕಾಗುತ್ತದೆಂದು ಇಲ್ಲಿಯ ಪ್ರತಿ ಮನೆಯಲ್ಲೂ ಐನೂರರ ಒಂದೆರಡು ನೋಟು ಪಾಸ್‌ಪೋರ್ಟಿನ ಜೊತೆ ಇರುತ್ತಿತ್ತು. ಅನಿವಾಸಿಗಳಿಗೆ 2017ರ ಜೂನ್ 30ರವರೆಗೆ ಸಮಯ ಕೊಟ್ಟರು. ಆದರೆ ಹೋಗಬೇಕಾದದ್ದು ರಿಸರ್ವ್ ಬ್ಯಾಂಕಿನ ಮುಂಬೈ, ದೆಹಲಿ, ಚೆನ್ನೈ, ಕೋಲ್ಕತಾ, ನಾಗ್ಪುರ ಕಚೇರಿಗೆ. ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಎರಡು ನೋಟಿಗಾಗಿ ನಾಗ್ಪುರಕ್ಕೆ ಯಾರು ಹೋಗುತ್ತಾರೆ? ಪುತ್ತೂರಿನವರ ಮನೆಯಲ್ಲಿ ಆ ನೋಟುಗಳು ಇನ್ನೂ ಇವೆ, ದೇವರ ಪಟದ ಹಿಂದೆ.

ಇಷ್ಟಾದ ಮೇಲೆ ಸಾಹೇಬರು ಕೊನೆಯ ಬಾಣ ಬಿಟ್ಟರು: ನಮ್ಮ ದೇಶದ 1963ರ ಲಿಮಿಟೇಷನ್ ಕಾಯ್ದೆ. ಕೈಸಾಲ ಕೊಟ್ಟವನು ಮೂರು ವರ್ಷ ಸುಮ್ಮನಿದ್ದರೆ ಕೋರ್ಟು ಅವನಿಗೆ ಬಾಗಿಲು ಹಾಕುತ್ತದೆ. ಪಾಯಿಂಟಿಗೇಕೆ ಬೇರೆ ಕಾನೂನು?

ಇಲ್ಲಿ ಮಾತ್ರ ನಾನು ಪುತ್ತೂರಿನವರ ಪಕ್ಷ ಸೇರಿದೆ. ಅದೇ ಕಾಯ್ದೆಯಲ್ಲಿ 18ನೇ ಕಲಮು ಇದೆ: ಸಾಲಗಾರ ‘ಹೌದು, ಇಷ್ಟು ಕೊಡಬೇಕಾಗಿದೆ’ ಎಂದು ಅವಧಿಯೊಳಗೆ ಬರೆದು ಸಹಿ ಹಾಕಿದರೆ ಮೂರು ವರ್ಷ ಮತ್ತೆ ಮೊದಲಿನಿಂದ ಎಣಿಕೆ. ಸ್ವಲ್ಪ ದುಡ್ಡು ಕೊಟ್ಟರೂ ಹಾಗೆಯೇ, ಅದು 19ನೇ ಕಲಮು. ಊರಿನ ಬಡ್ಡಿ ವ್ಯಾಪಾರಿಗಳೆಲ್ಲ ಮೂರನೇ ವರ್ಷ ತುಂಬುವ ಮೊದಲು ನಯವಾಗಿ ಮನೆಗೆ ಬಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಇದಕ್ಕೇ. ಈಗ ಕಂಪನಿಯವನು ತಿಂಗಳು ತಿಂಗಳೂ ಏನು ಕಳಿಸುತ್ತಾನೆ? ‘ಪ್ರಿಯ ಗ್ರಾಹಕರೇ, ನಿಮ್ಮ ಖಾತೆಯಲ್ಲಿ 4,320 ಪಾಯಿಂಟುಗಳಿವೆ.’ ಇದು ಸಾಲದ ಒಪ್ಪಿಗೆಯಲ್ಲದೆ ಮತ್ತೇನು? ಅವನೇ ಕೈಯಾರೆ ಹನ್ನೆರಡು ಸಲ ಒಪ್ಪಿಕೊಂಡು, ಹದಿಮೂರನೇ ಸಲಕ್ಕೆ ‘ರದ್ದು’ ಎನ್ನುತ್ತಾನೆ. ನಾವು ನಡುವೆ ವಾರಕ್ಕೊಮ್ಮೆ ಅವನ ಅಂಗಡಿಗೆ ಹೋಗಿ ಟೊಮೆಟೊ ಆರಿಸುತ್ತಲೇ ಇರುತ್ತೇವೆ. ಐದು ವರ್ಷ ಅಂಗಡಿಯ ಕಡೆ ತಲೆ ಹಾಕದವನ ಪಾಯಿಂಟು ರದ್ದು ಮಾಡಲಿ, ನನಗೆ ತಕರಾರಿಲ್ಲ. ಸತ್ತವರ, ದೇಶ ಬಿಟ್ಟವರ ಲೆಕ್ಕವನ್ನು ಎಷ್ಟು ವರ್ಷವೆಂದು ಹೊರುವುದು? ಬರುತ್ತಲೇ ಇರುವವನದ್ದನ್ನು ಕ್ಯಾಲೆಂಡರ್ ತೋರಿಸಿ ಕಿತ್ತುಕೊಳ್ಳುವುದು ಬೇರೆ. ಭಾರತದ ಕಾಯ್ದೆ ಬಹರೈನಿನಲ್ಲಿ ನಡೆಯುವುದಿಲ್ಲ ಎಂದು ಸಾಹೇಬರು ನೆನಪಿಸಿದರು. ಆ ಕಾಯ್ದೆಯನ್ನು ಚಹಾದ ಮೇಜಿಗೆ ತಂದವರು ಅವರೇ.

ಕೆನಡಾದ ಒಂಟಾರಿಯೊದವರು ಇದನ್ನು ನಮ್ಮಷ್ಟು ಹರಟದೆ ತೀರ್ಮಾನಿಸಿಬಿಟ್ಟರು. ಅಲ್ಲಿ ಏರ್ ಮೈಲ್ಸ್ ಎಂಬ ಯೋಜನೆ ಐದು ವರ್ಷಕ್ಕಿಂತ ಹಳೆಯ ಮೈಲುಗಳನ್ನು 2016ರ ಕೊನೆಯ ದಿನ ರದ್ದು ಮಾಡುತ್ತೇನೆಂದಿತು. ಜನ ಎದ್ದರು, ಡಿಸೆಂಬರಿನಲ್ಲಿ ಕಂಪನಿ ಹಿಂದೆ ಸರಿಯಿತು, ಬರೀ ಕಾಲ ಕಳೆದದ್ದಕ್ಕೆ ಪಾಯಿಂಟು ಕೊಲ್ಲಬಾರದೆಂದು ಪ್ರಾಂತ್ಯದಲ್ಲಿ ಕಾನೂನೂ ಆಯಿತು. ಆದರೆ ಚಿರಂಜೀವಿಯಾದ ಪಾಯಿಂಟಿಗೂ ಸುಖವಿಲ್ಲ. ಡೆಲ್ಟಾ ವಿಮಾನದವರು 2011ರಲ್ಲಿ ‘ನಮ್ಮ ಮೈಲಿಗೆ ಸಾವಿಲ್ಲ’ ಎಂದರು. 2015ರಲ್ಲಿ ಯಾವ ಊರಿಗೆ ಎಷ್ಟು ಮೈಲು ಎಂಬ ಪಟ್ಟಿಯನ್ನೇ ತೆಗೆದುಹಾಕಿದರು. ಅಶ್ವತ್ಥಾಮನಿಗೂ ಸಾವಿರಲಿಲ್ಲ, ಅವನ ಸ್ಥಿತಿ ಯಾರಿಗೆ ಬೇಕು?

ನನ್ನನ್ನು ಕೇಳಿದರೆ ಇಡೀ ಬಹರೈನಿನಲ್ಲಿ ನಂಬಬಹುದಾದ ಲಾಯಲ್ಟಿ ಯೋಜನೆಗಳು ಎರಡೇ. ಒಂದು, ನಮ್ಮ ಬೀದಿಯ ಕೋಲ್ಡ್ ಸ್ಟೋರಿನದ್ದು. ಮಲಪ್ಪುರದ ಹುಡುಗ ತರಕಾರಿ ಚೀಲದ ಮೇಲೆ ಕೇಳದೆಯೇ ಒಂದು ಹಿಡಿ ಕರಿಬೇವು ಹಾಕುತ್ತಾನೆ. ಗಳಿಕೆ, ಖರ್ಚು ಎರಡೂ ಅದೇ ದಿನದ ಸಾರಿನಲ್ಲಿ. ಎರಡನೆಯದು ಸರ್ಕಾರಿ. 2012ರ ಕಾರ್ಮಿಕ ಕಾನೂನಿನಂತೆ ಪರದೇಶದ ನೌಕರನಿಗೆ ಮೊದಲ ಮೂರು ವರ್ಷ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳಿನದ್ದು ಗ್ರಾಚುಯಿಟಿ. ನೀಲಿಯಿಂದ ಬೆಳ್ಳಿಗೆ ಬಡ್ತಿ ಎಂದರೆ ಇದು! 2024ರ ಮಾರ್ಚಿನಿಂದ ಯಜಮಾನ ಇದನ್ನು ಕೊನೆಗೆ ಕೊಡುತ್ತೇನೆಂದು ಕೈಯಲ್ಲಿಟ್ಟುಕೊಳ್ಳುವಂತಿಲ್ಲ; ಮೊದಲ ಮೂರು ವರ್ಷ ಸಂಬಳದ ಶೇಕಡ 4.2, ಆಮೇಲೆ 8.4 ತಿಂಗಳು ತಿಂಗಳೂ ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು. ಇದಕ್ಕೆ ‘ತಿಂಗಳ ಕೊನೆಗೆ ರದ್ದು’ ಎಂಬ ಸಂದೇಶ ಬರುವುದಿಲ್ಲ. ಪುತ್ತೂರಿನವರಿಗೆ ಇದನ್ನು ವಿವರಿಸಿದೆ. ಅದೆಷ್ಟು ಕೂಡಿದೆ ಎಂದು ಅವರು ಒಮ್ಮೆಯೂ ನೋಡಿರಲಿಲ್ಲ. “ಅದಕ್ಕೆ ಆ್ಯಪಿನಲ್ಲಿ ನಕ್ಷತ್ರ ಬರ್ತದಾ?” ಎಂದರು.

ಯಕ್ಷಗಾನದ ಮರುವಾರವೇ ಅವರು ವಾಟ್ಸಾಪಿನಲ್ಲಿ ‘ಪಾಯಿಂಟು ರಕ್ಷಣಾ ಸಮಿತಿ’ ಕಟ್ಟಿದರು. ಪ್ರತಿ ತಿಂಗಳ ಇಪ್ಪತ್ತೈದಕ್ಕೆ ಯಾರ ಯಾವ ಪಾಯಿಂಟಿಗೆ ಕುತ್ತು ಬಂದಿದೆಯೆಂದು ಪಟ್ಟಿ ಹಾಕುತ್ತಾರೆ. ಅರ್ಧ ಗುದೈಬಿಯಾ ಚೀಲ ಹಿಡಿದು ಹೊರಡುತ್ತದೆ. ಸಿ.ಎ. ಸಾಹೇಬರೂ ಸದಸ್ಯರು. ಎಲ್ಲರೂ ಹೀಗೆ ನೆನಪಿಟ್ಟುಕೊಂಡರೆ ಮರೆವಿನ ಅಂದಾಜು ತಲೆಕೆಳಗಾಗಿ ತಮ್ಮಂಥವರಿಗೆ ವರ್ಷದ ಕೊನೆಗೆ ಎಷ್ಟು ತಾಪತ್ರಯವೆಂದು ಅವರು ಗುಂಪಿನಲ್ಲಿ ಉದ್ದಕ್ಕೆ ಬರೆದರು. ಬರೆದದ್ದು ಹೈಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತುಕೊಂಡು, ಗಾಡಿಯಲ್ಲಿ ಪಾಯಿಂಟಿಗೆ ಕೊಂಡ ಅಕ್ಕಿ ಮೂಟೆ ಇಟ್ಟುಕೊಂಡು.