ಅಭಿನವ ಭುವನಕೋಶ ಪ್ರದೀಪಿಕೆ

ಲೋಕಸೃಷ್ಟಿ ಹಿಂದೆಲ್ಲ ಚತುರ್ಮುಖನೊಬ್ಬನ ಗುತ್ತಿಗೆಯಾಗಿತ್ತು. ಈಗ ಫ್ಯಾಂಟಸಿ ಕಾದಂಬರಿಗೆ ಕೂತವರೆಲ್ಲ ಅದಕ್ಕೆ ಕೈಹಾಕಿದ್ದಾರೆ, ಇರುವ ಒಂದೇ ಮುಖಕ್ಕೆ ಕನ್ನಡಕ ಏರಿಸಿಕೊಂಡು. ಅಂಥ ಅಲ್ಪಮುಖರ ಹಿತಾರ್ಥವಾಗಿ ಈ ಪ್ರದೀಪಿಕೆ.

ಪ್ರಥಮ ಸೂತ್ರ: ಆದೌ ನಕ್ಷಾ, ಪಶ್ಚಾತ್ ಕಥಾ, ಪ್ರಾಯೇಣ ನೈವ ಕಥಾ.

ಭಾಷ್ಯ: ಮೊದಲು ನಕ್ಷೆ, ಆಮೇಲೆ ಕಥೆ; ಬಹುಪಾಲು ಕಥೆಯೇ ಇಲ್ಲ. ನಕ್ಷೆಯ ಉತ್ತರಕ್ಕೆ ಹಿಮ, ದಕ್ಷಿಣಕ್ಕೆ ಮರಳು, ಪೂರ್ವಕ್ಕೆ ದುಷ್ಟರು ಇರತಕ್ಕದ್ದು. ಊರುಗಳ ಹೆಸರನ್ನು ಉಚ್ಚರಿಸಲು ಲೇಖಕನಿಗೇ ಬರಕೂಡದು.

ಇಲ್ಲಿ ಪೂರ್ವಪಕ್ಷಿ ಬಾಯಿ ಹಾಕುತ್ತಾನೆ: ಆ ಜನ ಉಣ್ಣುವುದೇನನ್ನು? ಹೊಸಬರು ಈ ಪ್ರಶ್ನೆಗೆ ತಬ್ಬಿಬ್ಬಾಗುತ್ತಾರೆ. ಅವರ ಸೈನ್ಯಗಳು ಸಂಪುಟಗಟ್ಟಲೆ ನಡೆದರೂ ಅಕ್ಕಿ ಹೊತ್ತ ಗಾಡಿಯೊಂದು ಕಾಣುವುದಿಲ್ಲ. ಪುರಾಣಕಾರರು ಮಾತ್ರ ಜಾಣರು. ವಿಷ್ಣುಪುರಾಣದ ಪ್ರಕಾರ ಲಕ್ಷ ಯೋಜನದ ಜಂಬೂದ್ವೀಪದ ಸುತ್ತ ಉಪ್ಪುನೀರು. ಅದರಾಚೆ ದ್ವೀಪಕ್ಕೊಂದರಂತೆ ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು, ಕಟ್ಟಕಡೆಗೆ ಸಿಹಿನೀರಿನ ಕಡಲುಗಳು. ಮುಂದೆ ಹೋದಂತೆ ಒಂದೊಂದೂ ಹಿಂದಿನದರ ಇಮ್ಮಡಿ. ಮೊದಲು ಉಪ್ಪು, ನಡುವೆ ಸಿಹಿ ಮತ್ತು ತುಪ್ಪ, ಮೊಸರಾದ ಮೇಲೆ ನೀರು: ಇದು ಸಾಕ್ಷಾತ್ ಎಲೆಯೂಟದ ಕ್ರಮವೆಂಬುದನ್ನು ಹಸಿದ ವಿದ್ವಾಂಸರು ಕೂಡಲೇ ಗುರುತಿಸುತ್ತಾರೆ. ಸುರೆಯೊಂದು ತೊಡಕು. ಅದನ್ನು ಲಿಪಿಕಾರನ ಪ್ರಮಾದವೆಂದು ಬಗೆದು ಸಾರು ಎಂದು ಓದಿಕೊಳ್ಳುವುದು ಲೇಸು.

ಮೇರುವಿನ ವಿಚಾರವೂ ಹಾಗೆಯೇ. ಎತ್ತರ 84,000 ಯೋಜನ. ಬುಡ 16,000, ತಲೆ 32,000. ತಲೆಭಾರಕ್ಕೆ ಮಗುಚೀತೆಂದು ಯಾರಾದರೂ ಶಂಕಿಸುವ ಮೊದಲೇ, ಇನ್ನೂ 16,000 ಯೋಜನ ನೆಲದೊಳಗೆ ಇಳಿದಿದೆ ಎಂದು ಗ್ರಂಥ ಸಮಾಧಾನ ಹೇಳಿಬಿಟ್ಟಿದೆ. ಸುಳ್ಳು ಹೇಳುವವನು ಅಳತೆ ಪಟ್ಟಿ ಹಿಡಿದಿರಬೇಕು.

ದ್ವಿತೀಯ ಸೂತ್ರ ಭಾಷಾವಿಷಯಕ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ ಮೊದಲು ಎಲ್ಫರ ಭಾಷೆಗಳನ್ನು ರೂಪಿಸಿ, ಅವು ಬದುಕಲು ಒಂದು ಲೋಕ ಬೇಕಲ್ಲ ಎಂದು ಕಥೆಗಿಳಿದವರು. ವ್ಯಾಕರಣ ಮೊದಲು, ಮಾತಾಡುವವರು ಆಮೇಲೆ. ವೈಯಾಕರಣರಿಗೆ ಇದಕ್ಕಿಂತ ಮಿಗಿಲಾದ ಸ್ವರ್ಗವಿಲ್ಲ.

ಪೂರ್ವಪಕ್ಷಿ ಮತ್ತೆ ಏಳುತ್ತಾನೆ. ಈ ಸಲ ಕರಾವಳಿಯವನು. ಬಯಲಾಟದಲ್ಲಿ ನಕ್ಷೆಯಿಲ್ಲ, ವಂಶಾವಳಿಯಿಲ್ಲ, ಅನುಬಂಧವಿಲ್ಲ. ಭಾಗವತರು ಪದ ಎತ್ತುತ್ತಾರೆ, ವೇಷಧಾರಿ ರಂಗಸ್ಥಳಕ್ಕೆ ಎರಡು ಸುತ್ತು ಬರುತ್ತಾನೆ, ಸ್ವರ್ಗ ಬಂತು. ಇನ್ನೆರಡು ಸುತ್ತಿಗೆ ಪಾತಾಳ. ಎಷ್ಟು ಯೋಜನವಾಯಿತೆಂದು ಕೂತವರಲ್ಲಿ ಯಾರೂ ಕೇಳುವುದಿಲ್ಲ. ಬಂದವನಿಗೆ ಯಾರ ಮೇಲೆ ಇಷ್ಟು ಸಿಟ್ಟು ಎಂಬುದಷ್ಟೇ ಅವರಿಗೆ ಬೇಕು. ಅಷ್ಟಕ್ಕೇ ಲೋಕ ನಿಲ್ಲುವುದಾದರೆ ನಿಮ್ಮ ಈ ಶಾಸ್ತ್ರವೇಕೆ?

ಆಕ್ಷೇಪ ಬಲವಾಗಿದೆ. ಆದ್ದರಿಂದಲೇ ಅದನ್ನು ಖಂಡಿಸಬೇಕಾಗಿದೆ. ಬಯಲಾಟ ಬೆಳಗಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಮುಗಿಯುವುದು ಲೋಕನಿರ್ಮಾಣಶಾಸ್ತ್ರಕ್ಕೆ ಸಮ್ಮತವಲ್ಲ. ಪ್ರಮಾಣ: ಟೋಲ್ಕಿನ್ ಮೊದಲ ಮಹಾಯುದ್ಧದ ಕಾಲದಲ್ಲಿ ಆರಂಭಿಸಿದ ‘ಸಿಲ್ಮರಿಲಿಯನ್’ ತಿದ್ದುತ್ತ ತಿದ್ದುತ್ತ 1973ರಲ್ಲಿ ಅವರೇ ತೀರಿಕೊಂಡರು, ಗ್ರಂಥ ಬಂದದ್ದು 1977ರಲ್ಲಿ. ಸಂಪಾದಿಸಿದವರು ಮಗ ಕ್ರಿಸ್ಟೋಫರ್. ಅಷ್ಟಕ್ಕೂ ತೃಪ್ತಿಯಾಗದೆ ಅಪ್ಪನ ಕರಡುಗಳನ್ನೆಲ್ಲ ಕೂಡಿಸಿ 1983ರಿಂದ 1996ರವರೆಗೆ ಇನ್ನೂ 12 ಸಂಪುಟ ತಂದರು.

ಇದರಿಂದ ಸಿದ್ಧವಾಗುವುದೇನೆಂದರೆ, ಹೊಸ ಲೋಕ ಕಟ್ಟಬಯಸುವ ಲೇಖಕ ನಕ್ಷೆಗೂ ಮುನ್ನ ಪುತ್ರಕಾಮೇಷ್ಟಿ ಮಾಡಿಸತಕ್ಕದ್ದು. ಮಗಳಾದರೂ ಅಡ್ಡಿಯಿಲ್ಲ, ಅಪ್ಪನ ಕೈಬರಹ ಓದಲು ಬಂದರಾಯಿತು.