ಪವರ್ ಸ್ಟೇರಿಂಗ್ ಸೋರಿಕಾ ಮೀಮಾಂಸೆ: ದಂಡಿಗನಹಳ್ಳಿ ಹೋಬಳಿಯನ್ನು ಅನುಲಕ್ಷಿಸಿ

ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿಯದು ನಮ್ಮ ಹಾಸನ ಜಿಲ್ಲೆಯದೇ. ಸುಮಾರು ಕ್ರಿ.ಶ. 450ರ ಆ ಕಲ್ಲಿನಲ್ಲಿ ಪವರ್ ಸ್ಟೇರಿಂಗಿನ ಪ್ರಸ್ತಾಪವೇ ಇಲ್ಲ. ಕದಂಬರ ಕಾಲದಲ್ಲಿ ಸ್ಟೇರಿಂಗ್ ಸೋರುತ್ತಿರಲಿಲ್ಲ ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಆದರೆ ದ್ರವಗಳ ಇಳಿತದ ಚಿಂತನೆ ಈ ಸೀಮೆಗೆ ಹೊಸದಲ್ಲ. ದಂಡಿಗನಹಳ್ಳಿ ಸೇರಿರುವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅದು ಪಾದ ಮುಟ್ಟಲಿಲ್ಲ, ಗುಳ್ಳಕಾಯಜ್ಜಿ ಗುಳ್ಳಕಾಯಿಯಲ್ಲಿ ತಂದ ಹಾಲು ಮಾತ್ರ ಮುಡಿಯಿಂದ ಅಡಿಯವರೆಗೆ ಹರಿಯಿತು ಎಂಬುದು ಐತಿಹ್ಯ. ಚಾವುಂಡರಾಯನ ಸಮಸ್ಯೆ ಇಳಿಯದ ದ್ರವ. ಕಾರಿಟ್ಟವರ ಸಮಸ್ಯೆ ನಿಲ್ಲದ ದ್ರವ. ಎರಡಕ್ಕೂ ಪರಿಹಾರ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತು. ಈ ಸಾಮ್ಯವನ್ನು ವಿದ್ವಾಂಸರು ಗಮನಿಸದೆ ಹೋದದ್ದು ವಿಷಾದಕರ.

ಇತಿಹಾಸ ಸಂಕ್ಷಿಪ್ತ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಕಾರೊಂದಕ್ಕೆ ಪವರ್ ಸ್ಟೇರಿಂಗ್ ಜೋಡಿಸಿ ತೋರಿಸಿದ. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. ಪಂಪು ಎಣ್ಣೆಯನ್ನು ಒತ್ತಡದಲ್ಲಿ, ಚಕ್ರಗಳನ್ನು ತಿರುಗಿಸುವ ರ‍್ಯಾಕಿಗೆ ನೂಕುತ್ತದೆ, ಚಾಲಕನ ರಟ್ಟೆಯ ಕೆಲಸವನ್ನು ಎಣ್ಣೆ ಮಾಡುತ್ತದೆ. ಶಾಫ್ಟು ಹೊರಬರುವ ಬಾಯಲ್ಲಿ ಈ ಎಣ್ಣೆಯನ್ನು ತಡೆಯುವುದು ಒಂದು ರಬ್ಬರ್ ಸೀಲು. ಬಿಸಿಗೆ ಅದು ಗಟ್ಟಿಯಾಗುತ್ತದೆ, ಧೂಳಿಗೆ ಅದರ ತುಟಿ ಸವೆಯುತ್ತದೆ. ನಮ್ಮ ಕಡೆ ತೋಟದ ದಾರಿಗಳಲ್ಲಿ ಧೂಳಿಗೆ ಬರವಿಲ್ಲ.

ಸೋರಿಕೆಯನ್ನು ತಿಳಿಯಲು ಪ್ರಮಾಣಗಳು ಮೂರು. ಬೆಳಿಗ್ಗೆ ಅಂಗಳದಲ್ಲಿ ಕಾಣುವ ಕೆಂಪು ಕಲೆ ಪ್ರತ್ಯಕ್ಷ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಪೂರ್ತಿ ತಿರುವಿನಲ್ಲಿ ಪಂಪು ಕುಂಯ್ಗುಟ್ಟಿದರೆ ಎಣ್ಣೆ ಇಳಿದಿದೆ ಎಂದು ತಿಳಿಯುವುದು ಅನುಮಾನ. ಮೂರನೆಯದು ಶಬ್ದಪ್ರಮಾಣ, ಅಂದರೆ ಮೆಕ್ಯಾನಿಕ್ಕಿನ ಮಾತು: "ಸೀಲು ಹೋಗೈತೆ ಕಣಣ್ಣೋ, ಬಿಚ್ಬೇಕು." ಇದಕ್ಕೆ ಮಾಲೀಕ ಬರೆಯುವ ಭಾಷ್ಯ ಎಲ್ಲ ಕಾಲದಲ್ಲೂ ಒಂದೇ: "ಈಗ ಬ್ಯಾಡ, ಒಸಿ ಆಯಿಲ್ ಹಾಕು, ಮದ್ವೆ ಮುಗುಸ್ಕಂಡ್ ಬತ್ತೀನಿ." ಯಾರ ಮದುವೆ, ಎಂದು ಎಂಬುದು ಭಾಷ್ಯದಲ್ಲಿ ಸ್ಪಷ್ಟವಿಲ್ಲ.

ಈ ಭಾಷ್ಯದಿಂದ ಹುಟ್ಟಿದ ಪಂಥ ಪೂರಣವಾದ. ಸೋರಿದಷ್ಟನ್ನು ತುಂಬಿಸಿದರೆ ಸೋರಿಕೆ ಇಲ್ಲವಾಗುತ್ತದೆ ಎಂಬುದು ಇದರ ಸಾರ. ಭಕ್ತಿ ತೈಲಧಾರೆಯಂತೆ ಅವಿಚ್ಛಿನ್ನವಾಗಿರಬೇಕು ಎಂಬುದು ಶ್ರೀವೈಷ್ಣವ ಮತ. ಆದರೆ ತೊಟ್ಟಿಕ್ಕುವುದು ಧಾರೆಯಲ್ಲವಾದ್ದರಿಂದ ಪೂರಣವಾದಿಗಳು ಆ ಮತದ ಮೇಲುಕೋಟೆಯ ಆಸರೆ ಕೇಳುವಂತಿಲ್ಲ. ಇನ್ನು ಅಂಟು ಮೆತ್ತುವ ಲೇಪವಾದಿಗಳು: ತಿರುಗುವ ಶಾಫ್ಟಿಗೆ ಅಂಟು ಹಿಡಿಯುವುದಿಲ್ಲ, ಹಿಡಿದರೆ ಶಾಫ್ಟು ತಿರುಗುವುದಿಲ್ಲ. ಸ್ಟೇರಿಂಗ್ ಎಣ್ಣೆಯ ಡಬ್ಬಿಗೆ ಬ್ರೇಕ್ ಆಯಿಲ್ ಸುರಿಯುವವರನ್ನು ಪಾಷಂಡಿಗಳೆಂದೇ ಕರೆಯಬೇಕು. ಅದು ಈ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಆಮೇಲೆ ಉಳಿದ ಸೀಲುಗಳೂ ಸೋರತೊಡಗುತ್ತವೆ. ರ‍್ಯಾಕನ್ನೇ ಹೊಸದು ಹಾಕಿಸಿ ಎನ್ನುವ ಸಮೂಲವಾದಿಗಳ ತರ್ಕ ನಿರ್ದುಷ್ಟ, ಬಿಲ್ಲು ಮಾತ್ರ ದುಸ್ಸಹ.

ಪೂರಣವಾದ ಇಷ್ಟು ಜನಪ್ರಿಯವಾದದ್ದು ಏಕೆ? ಸೀಲು ಅಗ್ಗ, ಅದರ ಬಳಿಗೆ ಹೋಗುವುದು ದುಬಾರಿ. ಶಾಫ್ಟಿನ ಸೀಲಾದರೆ ಕೆಲವು ಗಾಡಿಗಳಲ್ಲಿ ಮೇಲಿನಿಂದಲೇ ಕೈ ಹೋಗುತ್ತದೆ. ರ‍್ಯಾಕಿನ ತುದಿಯದಾದರೆ ರ‍್ಯಾಕನ್ನೇ ಇಳಿಸಬೇಕು. ಒಂದು ಇಡೀ ದಿನ ಗಾಡಿ ನಿಲ್ಲುತ್ತದೆ ಎಂದರೆ ತೆಂಗಿನಕಾಯಿ ಸಾಗಿಸುವವನ ಎದೆ ಸೋರಿಕೆಗಿಂತ ಜೋರಾಗಿ ಹೊಡೆದುಕೊಳ್ಳುತ್ತದೆ.

ಸೀಲನ್ನೇ ಬದಲಿಸಬೇಕೆನ್ನುವ ಸಿದ್ಧಾಂತಿಗಳ ಕ್ರಿಯಾವಿಧಿ ಹೀಗಿದೆ. ಚಕ್ರ ನೇರ ಮಾಡಿ ಸ್ಟೇರಿಂಗ್ ಅಲುಗದಂತೆ ಕಟ್ಟುವುದು. ಶಾಫ್ಟಿನ ಜಾಯಿಂಟ್ ಬಿಚ್ಚುವ ಮುನ್ನ ಎರಡೂ ಭಾಗಕ್ಕೆ ಬಣ್ಣದ ಗುರುತು. ಈ ಶಾಸನ ಬರೆಯದವನ ಸ್ಟೇರಿಂಗ್ ಆಮೇಲೆ ಹಾಸನಕ್ಕೆ ತಿರುಗಿ ನಿಂತಿದ್ದರೆ ಕಾರು ಹೊಳೆನರಸೀಪುರಕ್ಕೆ ಹೋಗುತ್ತಿರುತ್ತದೆ. ಸುತ್ತಲಿನ ಕೆಸರು ಒರೆಸಿ, ಲಾಕ್ ರಿಂಗ್ ತೆಗೆದು, ಶಾಫ್ಟಿಗೆ ಗೀರು ಬೀಳದಂತೆ ಹಳೆ ಸೀಲನ್ನು ಎಬ್ಬಿಸಬೇಕು. ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ, ಪೂರಣವಾದಿಗಳು ಗೆಲ್ಲುತ್ತಾರೆ. ಶಾಫ್ಟಿನ ಹಲ್ಲುಗಳಿಗೆ ಟೇಪು ಸುತ್ತಿ, ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸರಿಯಳತೆಯ ಸಾಕೆಟ್ ಇಟ್ಟು ಸೊಟ್ಟಗಾಗದಂತೆ ಮೆಲ್ಲಗೆ ತಟ್ಟಬೇಕು. ಆಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿ, ಮುಂದಿನ ಚಕ್ರ ಎತ್ತಿ, ಎಂಜಿನ್ ಬಂದ್ ಇರುವಾಗಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ ಗಾಳಿ ತೆಗೆಯುವುದು. ಡಬ್ಬಿಯಲ್ಲಿ ನೊರೆ ಕಾಣುವಷ್ಟು ಕಾಲ ಕರ್ಮಶೇಷ ಉಳಿದಿದೆ ಎಂದರ್ಥ.

ಈಚಿನ ಕಾರುಗಳಲ್ಲಿ ಮೋಟಾರಿನ ಸ್ಟೇರಿಂಗ್ ಬಂದು ಎಣ್ಣೆಯೇ ಇಲ್ಲವಾಗಿದೆ. ಈ ಶಾಸ್ತ್ರಕ್ಕೆ ಮುಂದೆ ವಿದ್ಯಾರ್ಥಿಗಳು ಸಿಗುವುದು ಕಷ್ಟ. ಹಳೆ ಗಾಡಿ ಇಟ್ಟುಕೊಂಡ ಮಹನೀಯರಲ್ಲಿ ಒಂದು ವಿನಂತಿ: ಸೀಲು ಕೂರಿಸುವಾಗ ತುಟಿ ಎಣ್ಣೆಯ ಕಡೆಗಿರಲಿ. ಉಲ್ಟಾ ಹಾಕಿದರೆ ಮತ್ತೆ ಮೊದಲಿನಿಂದ ಬಿಚ್ಚಬೇಕಾಗುತ್ತದೆ.